ಟೈಲರ್ ಸಾಹೇಬರ ಎಂಟು ಹಕ್ಕಿಗಳು

ಕೊಪ್ಪದಲ್ಲಿ ಯಾರ ಮನೆಗೆ ಹೋದರೂ ಮೊದಲು ಕಾಫಿ ಬೇಕಾ ಎಂದು ಕೇಳುತ್ತಾರೆ. ನಮ್ಮ ಪಕ್ಕದ ಮನೆಯ ಟೈಲರ್ ಇಬ್ರಾಹಿಂ ಸಾಹೇಬರು ಮಾತ್ರ, ಇವತ್ತು ಎಲ್ಲಾದರೂ ಹಕ್ಕಿ ಮುಟ್ಟಿದಿರಾ ಎಂದು ಕೇಳುತ್ತಿದ್ದರು.

ಅವರ ಅಂಗಳದ ಗೂಡಿನಲ್ಲಿ ಎಂಟು ಲವ್ ಬರ್ಡ್ಸ್ ಇದ್ದವು. ಅದಕ್ಕೂ ಮೊದಲು ಸಾಕಿದ್ದವೆಲ್ಲ ಒಂದೇ ವಾರದಲ್ಲಿ ಸತ್ತಿದ್ದವಂತೆ. ಹೊರಗಿನ ಗುಬ್ಬಿ, ಮೈನಾಗಳು ಅದೇ ತಟ್ಟೆಯ ಕಾಳು ತಿಂದು ರೋಗ ಹಚ್ಚಿರಬೇಕು ಎಂದರಂತೆ ಪಶುವೈದ್ಯರು. ಅಂದಿನಿಂದ ಸಾಹೇಬರು ಗೂಡಿಗೆ ಸಣ್ಣ ಕಣ್ಣಿನ ಬಲೆ ಬಿಗಿದರು. ಮೇಲಿಂದ ಹಿಕ್ಕೆ ಬೀಳದಂತೆ ಟಾರ್ಪಾಲು ಹೊಲಿದು ಹೊದಿಸಿದರು, ಅಂಚಿಗೆ ನೆರಿಗೆಯನ್ನೂ ಇಟ್ಟರು. ನಮ್ಮ ಮನೆಯ ಪರದೆಗೂ ಅಂಥ ಹೊಲಿಗೆ ಸಿಕ್ಕಿರಲಿಲ್ಲ. ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ಕಡಹಿನಬೈಲಿನ ನಮ್ಮ ಅಕ್ಕ ಕೋಳಿ ಸಾಕಿದ್ದಾಳೆಂದು ಅವರಿಗೆ ಹೇಗೋ ಗೊತ್ತಾಯಿತು. ಅಲ್ಲಿಗೆ ಹೋಗಿ ಬಂದಾಗಲೆಲ್ಲ ನಾನು ಬೇಲಿಯಾಚೆಯೇ ನಿಂತು ಮಾತಾಡಬೇಕಿತ್ತು. ಶಾಲೆಯಲ್ಲಿ ಮಕ್ಕಳನ್ನು ಹೊರಗೆ ನಿಲ್ಲಿಸುವ ಟೀಚರಿಗೆ ಈ ಗತಿ.

ಒಮ್ಮೆ ಅವರ ಅಂಗಡಿಗೇ ಮೈನಾ ನುಗ್ಗಿತು. ಬೇಗಾರು ಊರಿನ ಮದುಮಗನೊಬ್ಬ ಹೊಸ ಪ್ಯಾಂಟು ಹಾಕಿಕೊಂಡು ಉದ್ದ ನೋಡಿಸಿಕೊಳ್ಳುತ್ತಿದ್ದ. ಸಾಹೇಬರು ಟೇಪು ಬೀಸುತ್ತ ಮೇಜು ಹತ್ತಿದರು, ಅವನೂ ಸ್ಕೇಲು ಹಿಡಿದು ಹಿಂದೆಯೇ ಹತ್ತಿದ. ಪ್ಯಾಂಟಿನ ಒಂದು ಕಾಲು ಮಡಚಿ ಗುಂಡುಸೂಜಿ ಚುಚ್ಚಿತ್ತು, ಇನ್ನೊಂದು ಮೇಜು ಗುಡಿಸುತ್ತಿತ್ತು. ರವಿಕೆ ತರಲು ಹೋಗಿದ್ದ ನಾನು ನಕ್ಕು ನಕ್ಕು ಸ್ಟೂಲಿನ ಮೇಲೆ ಕುಸಿದೆ. ಮೈನಾ ಹಾರಿಹೋದ ಮೇಲೆ ಸಾಹೇಬರು ಮದುಮಗನಿಗೆ ಸೋಪು ಕೊಟ್ಟರು. ಹಕ್ಕಿಯನ್ನು ಮುಟ್ಟೇ ಇಲ್ಲವಲ್ಲ ಎಂದು ಅವನ ತಕರಾರು.

“ಅದು ಕೂತ ಮೇಜು ಮುಟ್ಟಿದ್ಯಲ್ಲ ಮಾರಾಯ. ಮೊಣಕೈವರೆಗೂ ತೊಳಿ,” ಎಂದರು.

ಕಳೆದ ವರ್ಷ ಅವರು ಮಂಗಳೂರಿನಲ್ಲಿ ತಮ್ಮನ ಅಂಗಡಿ ಸೇರಿಕೊಂಡರು. ಅಲ್ಲಿ ಫ್ಲ್ಯಾಟಿನ ಬಾಲ್ಕನಿ ತುಂಬ ಪಾರಿವಾಳಗಳು. ಹಾಗಾಗಿ ಎಂಟೂ ಹಕ್ಕಿಗಳು ಗೂಡಿನ ಸಮೇತ ನಮ್ಮ ಅಂಗಳಕ್ಕೆ ಬಂದವು. ನನಗೆ ಒಂದು ವಾರ ತರಬೇತಿ ಕೊಟ್ಟು, ಪರೀಕ್ಷೆಯನ್ನೂ ಮಾಡಿದ ಮೇಲೆಯೇ ಅವರು ಬಸ್ಸು ಹತ್ತಿದ್ದು.

ಆರು ತಿಂಗಳ ನಂತರ ಒಂದು ಮಧ್ಯಾಹ್ನ ನೋಡಲು ಬಂದರು. ದನಿ ಕೇಳಿದ್ದೇ ತಡ, ಗೂಡಿನಲ್ಲಿ ಗಲಾಟೆಯೋ ಗಲಾಟೆ. ನಾನು ಖುಷಿಯಿಂದ ಗೂಡಿನ ಬಾಗಿಲು ತೆಗೆದು ಕರೆದೆ. ಅವರು ಗೇಟು ದಾಟಲಿಲ್ಲ.

“ಬೆಳಿಗ್ಗೆ ಪಾರಿವಾಳದ ಹಿಕ್ಕೆ ತೊಳ್ದು ಬಂದೋನು ನಾನು, ಟೀಚರೇ. ಬಾಗಿಲು ಹಾಕಿ.”

ಸ್ನಾನ ಮಾಡಿ ಬನ್ನಿ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಗೇಟಿನಾಚೆ ಕೂತು ಒಂದು ಗಂಟೆ ಸಿಳ್ಳೆ ಹಾಕಿದರು. ಎಂಟೂ ಹಕ್ಕಿಗಳು ಬಲೆಗೆ ಅಂಟಿಕೊಂಡು ಉತ್ತರ ಕೊಟ್ಟವು. ಸಾಹೇಬರು ನಗುತ್ತಲೇ ಕಣ್ಣೊರೆಸಿಕೊಂಡು ಸಂಜೆ ಬಸ್ಸಿಗೆ ಹೊರಟುಹೋದರು.

ಮಳೆಗಾಲದಲ್ಲಿ ಅವರ ತಮ್ಮ ಫೋನ್ ಮಾಡಿ, ಅಣ್ಣ ಹೋಗಿಬಿಟ್ಟರು ಎಂದರು. ಆಗ ಅಕ್ಕನ ಮನೆಯಿಂದ ಅದೇ ತಾನೇ ಬಂದಿದ್ದೆ. ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆಮೇಲೆ ಹಕ್ಕಿಗಳ ಹತ್ತಿರ ಕೂತು ಅತ್ತೆ.