ಮಸಿಯ ಹನಿಯ ಡಾಕ್ಟರ್

ಕುವೈತ್‌ನಲ್ಲಿ ನಾನು ರಿಪೇರಿ ಮಾಡಿದ ಮೊದಲ ಲೇಸರ್, ಒಬ್ಬ ಡ್ರೈವರನ ಮುಂಗೈಯಿಂದ ಅವನ ಹೆಂಡತಿಯ ಹೆಸರನ್ನು ಅಳಿಸಲು ಹೊರಟಿತ್ತು. ನಮ್ಮ ಗದಗಿನ ಕಡೆ ಹಚ್ಚೆ ಸತ್ತ ಮೇಲೂ ಜೊತೆಗೆ ಬರುತ್ತದೆ ಎನ್ನುತ್ತಾರೆ. ಜಾಬ್ರಿಯಾದ ಈ ಚರ್ಮದ ಕ್ಲಿನಿಕ್ಕಿನಲ್ಲಿ ಅದನ್ನು ಚಟ್ ಚಟ್ ಎಂದು ಸುಟ್ಟು ಕಳಿಸುತ್ತಾರೆ.

ಅಂಥದ್ದೇ ಲೇಸರ್ ಇಟ್ಟುಕೊಂಡು ನಾನು ಪಿಎಚ್‌ಡಿ ಮಾಡಿದ್ದು. ಬೆಳಕಿನ ಹೊಡೆತ ಬಿದ್ದರೆ ದ್ರವದ ಮೇಲ್ಪದರ ಆವಿಯಾಗಿ ಸಿಡಿಯುತ್ತದೆ; ಆವಿ ಮುಂದಕ್ಕೆ ಹಾರಿದರೆ ದ್ರವವನ್ನು ಹೊತ್ತ ವಸ್ತು ಹಿಂದಕ್ಕೆ ಸರಿಯುತ್ತದೆ. ಪುಟ್ಟ ಉಪಗ್ರಹವನ್ನು ಹೀಗೆ ನೂಕಬಹುದು. ಆದರೆ ತೆಳು ದ್ರವ ಆವಿಯಾಗುವ ಬದಲು ಎರಚಿಹೋಗಿ ಇಂಧನ ದಂಡವಾಗುತ್ತದೆ. ಎರಚದ ದ್ರವ ಹುಡುಕುವುದರಲ್ಲೇ ನನ್ನ ವರ್ಷಗಳು ಹೋದವು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಯಾರೂ ಹೈಸ್ಕೂಲು ದಾಟಿರಲಿಲ್ಲ. ಡಾಕ್ಟರೇಟ್ ಬಂತು, ಕೆಲಸ ಬರಲಿಲ್ಲ. ಇಲ್ಲಿಗೆ ಬಂದೆ.

ರೊಟ್ಟಿಯ ಜಾಗಕ್ಕೆ ಖುಬೂಸ್ ಬಂತು. ಶೇಂಗಾ ಚಟ್ನಿ ಅದಕ್ಕೂ ಹೊಂದಿತು. ಹೊಂದದ್ದು ಒಂದೇ. ಊರಲ್ಲಿ ಬಸ್ ಸ್ಟ್ಯಾಂಡಿಗೆ ನಡೆದರೆ ಹೊರಟಂತೆಯೇ. ಇಲ್ಲಿ ದೇಶ ದಾಟಲು ಕಫೀಲ್, ಅಂದರೆ ನಮಗೆ ವೀಸಾ ಕೊಡಿಸಿದ ಮಾಲೀಕ, ಒಪ್ಪಿಗೆ ಕೊಡಬೇಕು.

ಈ ಬೇಸಿಗೆಯಲ್ಲಿ ಭಾರತದ ಒಂದು ಪ್ರಯೋಗಾಲಯದಿಂದ ಸಂದರ್ಶನಕ್ಕೆ ಕರೆ ಬಂತು. ನನ್ನದೇ ವಿಷಯ. ಖುದ್ದಾಗಿ ಹೋಗಬೇಕು. ಮೀನಾ ಅಬ್ದುಲ್ಲಾದ ರಿಫೈನರಿಯಲ್ಲಿ ವೆಲ್ಡರ್ ಆಗಿರುವ ನನ್ನ ರೂಮಿನ ಬಸಣ್ಣ ಉಪಾಯ ಹೇಳಿದ.

“ಅವ್ವಗ ಆರಾಮಿಲ್ಲ ಅಂತ ಹೇಳು ತಮ್ಮಾ. ಎಲ್ಲಾರೂ ಹಂಗ ಹೋಗಿ ಬರ್ತಾರ.”

“ಕಲ್ಲಿನಂಗ ಅದಾಳ ನಮ್ಮವ್ವ. ಓದಿದ್ದು ಹೇಳಾಕ ನಾಚಿಕಿ ಏನ ಬಸಣ್ಣ?”

“ಹೇಳಪಾ, ಹೇಳು. ಓದಿ ಓದಿ ಕೂಚು ಭಟ್ಟಾದಿ.”

ಕಫೀಲರ ಮುಂದೆ ನಿಂತು ನನಗೆ ಬರುವ ಹರಕು ಅರಬ್ಬಿಯಲ್ಲಿ, ಹಿಂದಿಯಲ್ಲಿ ಎಲ್ಲ ಹೇಳಿದೆ: ಹನಿ, ಹೊಡೆತ, ಉಪಗ್ರಹ, ಸಂದರ್ಶನ. ಅವರು ಎದ್ದು ನಿಂತು ನನ್ನ ಭುಜ ಹಿಡಿದರು.

“ಆಕಾಶದ ದಕ್ತೂರ್ ನನ್ನ ಕ್ಲಿನಿಕ್ಕಿನಲ್ಲಿ! ಇಷ್ಟು ದಿನ ಯಾಕೆ ಮುಚ್ಚಿಟ್ಟೆ?”

“ಒಂದು ವಾರದ ರಜೆ, ಸರ್...”

“ನಿನ್ನನ್ನು ಕಳಿಸಿದರೆ ಅವರು ವಾಪಸ್ ಬಿಡುತ್ತಾರೆಯೇ? ನಾನೇನು ಹುಚ್ಚನೇ? ಖಲಾಸ್.” ಖಲಾಸ್ ಎಂದರೆ ಮಾತು ಮುಗಿಯಿತು. ಕೆಲಸ ಬಿಡುತ್ತೇನೆಂದರೂ ನೋಟಿಸಿನ ತಿಂಗಳುಗಳು ಕಳೆಯಬೇಕು. ಸಂದರ್ಶನ ಅಷ್ಟು ಕಾಯುವುದಿಲ್ಲ.

ಬಸಣ್ಣ ನಗಲಿಲ್ಲ. “ಅವ್ವನ ಜಡ್ಡು ಯಾರಿಗೂ ಬ್ಯಾಡ ತಮ್ಮಾ, ಅದಕ್ಕ ಬಿಡ್ತಾರ. ನಿನ್ನ ಇದ್ಯಾ ಎಲ್ಲಾರಿಗೂ ಬೇಕು” ಎಂದ.

ಸಂದರ್ಶನದ ದಿನವೇ ಕಫೀಲರು ತಮ್ಮ ದಿವಾನಿಯಾದ, ಅಂದರೆ ಮನೆಯ ಬೈಠಕ್ಕಿಗೆ ಕೂಡುವ, ಗೆಳೆಯರನ್ನು ಕ್ಲಿನಿಕ್ಕಿಗೆ ಕರೆತಂದರು. ಎಲ್ಲರಿಗೂ ಕನ್ನಡಕ ಹಾಕಿಸಿದೆ. ಅಲ್ಯೂಮಿನಿಯಂ ಹಾಳೆಯ ಚೂರನ್ನು ದಾರಕ್ಕೆ ತೂಗುಹಾಕಿ, ಎರಚದಿರಲೆಂದು ಗ್ಲಿಸರಿನ್ ಬೆರೆಸಿದ ಕಪ್ಪು ಮಸಿಯ ಹನಿ ಅಂಟಿಸಿ ಲೇಸರ್ ಬಿಟ್ಟೆ. ಹಾಳೆ ಹಿಂದಕ್ಕೆ ಚಿಮ್ಮಿತು.

“ಮಾಶಾ ಅಲ್ಲಾಹ್, ದಕ್ತೂರ್!”

ಊರಲ್ಲಿ ನನ್ನನ್ನು ಸೂಜಿ ಚುಚ್ಚಲು ಬಾರದ ಡಾಕ್ಟರ್ ಎಂದು ನಗುತ್ತಿದ್ದರು. ನಗದೆ ಹಾಗೆ ಕರೆದವರು ಇವರೇ ಮೊದಲು. ಅಲ್ಲಿ ಪ್ರಯೋಗಾಲಯದಲ್ಲಿ ಅಷ್ಟು ಹೊತ್ತಿಗೆ ನನ್ನ ಹೆಸರು ಕೂಗಿ, ಕಾದು, ಮುಂದಿನವರನ್ನು ಕರೆದಿರಬೇಕು.

“ಇನ್ನೊಮ್ಮೆ” ಎಂದರು ಗೆಳೆಯರು. ಚೆಂದ ಕಾಣಲಿ ಎಂದು ಮೊದಲಿಗಿಂತ ದೊಡ್ಡ ಹನಿಯನ್ನೇ ಇಟ್ಟೆ.