ಗುಲಾಬಿ ಕುದುರೆ

ಶಿವಲೀಲಾಳಿಗೆ ಸಿಟ್ಟು ಬರುತ್ತದೆಂದು ಯಾರಾದರೂ ಹೇಳಿದ್ದರೆ ಕೊಪ್ಪಳದಲ್ಲಿ ಯಾರೂ ನಂಬುತ್ತಿರಲಿಲ್ಲ. ಚಿತ್ರಗಾರರ ಮನೆಯವಳು. ಅಪ್ಪನ ಜೊತೆ ಮರದ ಗೊಂಬೆಗಳಿಗೆ ಬಣ್ಣ ಹಚ್ಚುತ್ತ ಬೆಳೆದು, ಹಾಳಾದ ಹಳೆಯ ಚಿತ್ರಗಳನ್ನು ಉಳಿಸುವ ಕೆಲಸ ಕಲಿತವಳು. ಗುಡಿ, ಮಠ, ದರ್ಗಾ ಎನ್ನದೆ ಇಪ್ಪತ್ತು ವರ್ಷ ಗೋಡೆಗೆ ಮೂಗು ಹಚ್ಚಿ ಕೂತು ಬೆನ್ನು ಹಿಡಿಯಿತು, ಕನ್ನಡಕ ದಪ್ಪವಾಯಿತು. ಆದರೂ ಒಂದು ದಿನ ಗೊಣಗಿದವಳಲ್ಲ.

ಬೇವೂರಿನಾಚೆ ಒಂದು ಹಳ್ಳಿಯ ಮಠದಲ್ಲಿ ಎರಡು ವರ್ಷ ಕಳೆದಳು. ಅಲ್ಲಿ ಪ್ರತಿ ಯುಗಾದಿಗೆ ಗೋಡೆಗೆ ಸುಣ್ಣ ಹೊಡೆಯುವ ರೂಢಿ. ಅಷ್ಟೂ ಸುಣ್ಣದಡಿ ಒಂದು ಬಿಳಿ ಕುದುರೆ ಇತ್ತು. ಸುಣ್ಣ ಅದನ್ನು ಮುಚ್ಚಿತ್ತು, ಕೆಡಿಸಿರಲಿಲ್ಲ. ಚಾಕುವಿನ ತುದಿಯಿಂದ ಉಗುರಿನಷ್ಟಗಲ ಸುಣ್ಣ ಎಬ್ಬಿಸುತ್ತ, ಉದುರುವ ಬಣ್ಣಕ್ಕೆ ಅಂಟು ಕುಡಿಸುತ್ತ, ಕುದುರೆಯನ್ನು ಗೊರಸಿನವರೆಗೂ ಹೊರತೆಗೆದಳು. ಕಣ್ಣಿನ ಜಾಗ ಮಾತ್ರ ಎಂದೋ ಉದುರಿಹೋಗಿತ್ತು. ಅದನ್ನು ಖಾಲಿ ಬಿಟ್ಟಳು. ಇಲ್ಲದ್ದನ್ನು ಬರೆಯಬಾರದು, ಈ ಕೆಲಸದ ನೇಮವೇ ಅದು.

ಅದೇ ಮುಳುವಾಯಿತು. ಅಪ್ಪನಿಗೆ ಜ್ವರವೆಂದು ಅವಳು ಕೊಪ್ಪಳಕ್ಕೆ ಹೋದ ಎಂಟು ದಿನದಲ್ಲಿ, ಕಣ್ಣಿಲ್ಲದ ಕುದುರೆ ಮಠಕ್ಕೆ ಅಪಶಕುನ ಎಂದು ಕಮಿಟಿಯ ಹಿರಿಯ ಪಂಪಾಪತಿ ಗಂಗಾವತಿಯಿಂದ ಬೋರ್ಡ್ ಬರೆಯುವವನನ್ನು ಕರೆಸಿದ. ಕಾಯಿ ಒಡೆದು ಕಣ್ಣು ಬರೆಸಿದ್ದಾಯಿತು. ಕಣ್ಣು ಮಿಂಚಿದ್ದೇ ಮೈ ಮಂಕಾಗಿ ಕಂಡಿತು, ಮೈಗೂ ಆಯಿಲ್ ಪೇಂಟ್ ಎಳೆಸಿದ. ಬಿಳಿ ಕುದುರೆ ಗುಲಾಬಿಯಾಯಿತು, ಹಾಳಾಗಿ ಹೋಗಲಿ! ಬೇಡ ಎನ್ನಲು ಊರಲ್ಲಿ ಒಬ್ಬನಿಗೂ ಬಾಯಿರಲಿಲ್ಲ.

ಶಿವಲೀಲಾ ಬಂದಾಗ ಸನ್ಮಾನದ ಶಾಲು ಸಿದ್ಧವಿತ್ತು.

"ನೀವು ಅರ್ಧಾ ಬಿಟ್ಟಿದ್ರಿ ಅಕ್ಕಾರ, ನಾವು ಪೂರಾ ಮಾಡಿಸೀವಿ ನೋಡ್ರಿ," ಎಂದ ಪಂಪಾಪತಿ. ಮನಸಾರೆ ಹೇಳಿದ, ಮೈ ಉರಿಸಿದ್ದೇ ಅದು. ಕೆಟ್ಟವನಾಗಿದ್ದರೆ ನಾಲ್ಕು ಬೈದು ಹೋಗಬಹುದಿತ್ತು.

"ಸುಣ್ಣಾ ಹೊಡದಿದ್ರ ತೆಗೀತಿದ್ದೆ," ಎಂದಳು. "ಇದು ಹಳೇ ಬಣ್ಣಾನ ಕಚ್ಚಿ ಹಿಡದೈತಿ. ಎಬ್ಬಿಸಿದ್ರ ಕುದುರಿನೂ ಕಿತ್ತು ಬರತೈತಿ. ನಿಮ್ಮ ಹಿರ್ಯಾರು ಇಷ್ಟು ವರ್ಷ ಕಾಯ್ದಿದ್ದನ್ನ ಎಂಟು ದಿನದಾಗ ಕೊಂದ್ರಿ."

ಶಾಲು ಮುಟ್ಟಲಿಲ್ಲ. ಹೊರಟವಳ ಕಣ್ಣಿಗೆ ಗೊರಸಿನ ಮೇಲೆ ಕೆಂಪಕ್ಷರ ಬಿತ್ತು: ಜೀರ್ಣೋದ್ಧಾರ, ಶಿವಲೀಲಾ ಚಿತ್ರಗಾರ, ಕೊಪ್ಪಳ.

ಚಾಕು ತೆಗೆದು ತನ್ನ ಹೆಸರಿನ ಮೊದಲ ಅಕ್ಷರಕ್ಕೆ ಹಚ್ಚಿದಳು. ಅದರಡಿ ಇದ್ದದ್ದು ಹದಿನೇಳು ದಿನ ಕೂತು ಸುಣ್ಣದಿಂದ ಬಿಡಿಸಿದ ಮುಂಗಾಲು. ಹೆಸರು ಕೆರೆದರೆ ಕಾಲೂ ಹೋಗುತ್ತದೆ. ಚಾಕು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸಿಗೆ ನಡೆದಳು.

ಹೆಸರು ಈಗಲೂ ಅಲ್ಲಿದೆ. ತಿಳಿದವರು ಯಾರಾದರೂ ಬಂದರೆ, ಗುಲಾಬಿ ಕುದುರೆ ನೋಡಿ ಬೈಯುವುದು ಅವಳನ್ನೇ.