ಅವ್ವ ತಂದ ಬ್ರೆಡ್ಡು

ಆಗ ನಮ್ಮ ಕಡೆ ಯಾರಾದರೂ ಹಾಸಿಗೆ ಹಿಡಿದರೆ ನೋಡಲು ಬರುವವರು ಬ್ರೆಡ್ಡು ತರುತ್ತಿದ್ದರು. ಅದು ತಿಂಡಿಯಲ್ಲ, ಮದ್ದು. ಗಟ್ಟಿಮುಟ್ಟಾದವರು ಬ್ರೆಡ್ಡು ತಿನ್ನುವುದು ಕಂಡರೆ, "ಎಂತ, ಹುಷಾರಿಲ್ವಾ?" ಎಂದು ಕೇಳುತ್ತಿದ್ದರು. ಆ ಮದ್ದನ್ನು ನಾನು ತಿಂದಷ್ಟು ಇಡೀ ಕಾಸರಕೋಡದಲ್ಲಿ ಮತ್ತೊಬ್ಬರು ತಿಂದಿರಲಿಕ್ಕಿಲ್ಲ.

ನನ್ನ ಹೊಟ್ಟೆಯ ಗೋಳು ಶುರುವಾದದ್ದು ಎಪ್ಪತ್ತರ ದಶಕದ ಮೊದಲಲ್ಲಿ, ಶಾಲೆಗೆ ಸೇರಿದ ವರ್ಷ. ಮಧ್ಯಾಹ್ನ ಅಲ್ಲಿ ಗೋಧಿನುಚ್ಚಿನ ಉಪ್ಪಿಟ್ಟು ಕೊಡುತ್ತಿದ್ದರು. ತಿಂದ ಮೇಲೆ ಹೊಟ್ಟೆ ಬಿರಿಯುವ ಹಾಗೆ ಉಬ್ಬುತ್ತಿತ್ತು. ಪಾಠದ ನಡುವೆಯೇ ಎದ್ದು ಶಾಲೆಯ ಹಿಂದಿನ ಗಾಳಿಮರದ ತೋಪಿಗೆ ಓಡಬೇಕು. ಎಷ್ಟೋ ಸಲ ತೋಪು ಮುಟ್ಟುವಷ್ಟರಲ್ಲಿ ಲಂಗ ಹಾಳಾಗುತ್ತಿತ್ತು. ಮೇ ತಿಂಗಳ ರಜೆಯಲ್ಲಿ ಗಂಜಿ, ಬಂಗಡೆ ಸಾರು ತಿಂದು ಮೈಕೈ ತುಂಬಿಕೊಳ್ಳುತ್ತಿದ್ದೆ. ಶಾಲೆ ತೆರೆದರೆ ಮತ್ತೆ ಅದೇ ರಾಮಾಯಣ. "ಇದಕ್ಕೆ ಶಾಲಿ ಅಂದ್ರೇ ಹೊಟ್ಟಿನೋವು ಬತ್ತದೆ" ಎಂದು ಕೇರಿಯೆಲ್ಲ ನಗುತ್ತಿತ್ತು. ಉಪ್ಪಿಟ್ಟಿನ ಮೇಲೆ ಯಾರಿಗೆ ಸಂಶಯ ಬರಬೇಕು? ಉಳಿದ ಮಕ್ಕಳು ಅದನ್ನೇ ತಿಂದು ಗುಂಡುಗುಂಡಗೆ ಇದ್ದರು.

ಅವ್ವ ಬುಟ್ಟಿಯಲ್ಲಿ ಮೀನು ಹೊತ್ತು, ಹೊಳೆ ದಾಟಿ ಹೊನ್ನಾವರದ ಮನೆಮನೆಗೆ ಮಾರುವವಳು. ಅಲ್ಲಿಯ ಒಬ್ಬ ಡಾಕ್ಟರರಿಗೆ ನನ್ನನ್ನು ತೋರಿಸಿದಳು. ಅವರು ಹೊಟ್ಟೆ ಒತ್ತಿ ನೋಡಿ, "ಮೀನು, ಖಾರ, ಕುಚ್ಚಲಕ್ಕಿ ಬಂದ್ ಮಾಡು. ಬ್ರೆಡ್ಡು, ಹಾಲು ಕೊಡು" ಎಂದರು. ಡಾಕ್ಟರರ ಮಾತೆಂದರೆ ಅವ್ವನಿಗೆ ವೇದವಾಕ್ಯ. ಅಂದಿನಿಂದ ಸಂಜೆ ಅವಳು ಬರುವಾಗ ಹೆಗಲಿಗೆ ಒಂದು ಬಟ್ಟೆಯ ಚೀಲ. ಮೀನಿನ ವಾಸನೆ ತಾಗಬಾರದೆಂದು ಬ್ರೆಡ್ಡನ್ನು ಬುಟ್ಟಿಗೆ ಹಾಕುತ್ತಿರಲಿಲ್ಲ. ತಮ್ಮಂದಿರು ಕಣ್ಣು ಬಾಯಿ ಬಿಟ್ಟು ನೋಡಿದರೆ, "ಅದು ಅಕ್ಕನ ಮದ್ದು, ಮುಟ್ಟೂಕಿಲ್ಲ" ಎಂದು ಗದರಿಸುತ್ತಿದ್ದಳು. ಹಾಲಿನಲ್ಲಿ ಅದ್ದಿ ಅದ್ದಿ ತನ್ನ ಕೈಯಾರೆ ತಿನ್ನಿಸುತ್ತಿದ್ದಳು. ನಾನು ದಿನದಿನಕ್ಕೆ ಕಡ್ಡಿಯಾದೆ.

ಒಂದು ದಿನ ಆ ಬ್ರೆಡ್ಡನ್ನು ಕದ್ದು ಕೋಳಿಗಳಿಗೆ ಹಾಕುತ್ತಿದ್ದೆ, ಸಿಕ್ಕಿಬಿದ್ದೆ. ಅವ್ವ ಕಸ ಗುಡಿಸುವ ಹಿಡಿಯ ತುದಿಯಿಂದ ಕಾಲಿಗೆ ಬಾರಿಸಿದಳು. ಆಮೇಲೆ ಅದೇ ಕಾಲಿಗೆ ಎಣ್ಣೆ ಹಚ್ಚುತ್ತ, "ನೀ ಬದಕೂದು ಬೇಡ್ವೇನೆ?" ಎಂದು ಗೊಳೋ ಎಂದು ಅತ್ತಳು. ನಾನೂ ಅತ್ತೆ. ಅತ್ತು ಸುಮ್ಮನಾಗಿ ಮಿಕ್ಕ ಎರಡು ತುಂಡನ್ನೂ ತಿಂದೆ.

ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ, ಉಪ್ಪಿಟ್ಟು ತಪ್ಪಿತು. ಬ್ರೆಡ್ಡು ತಪ್ಪಲಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಕುಮಟೆಗೆ ಮದುವೆಯಾಗಿ ಹೋದೆ. ಗಂಡ ಮರದ ಮಿಲ್ಲಿನಲ್ಲಿದ್ದರು, ಅವರಿಗೆ ರಾತ್ರಿ ಚಪಾತಿ ಆಗಬೇಕು. ವರ್ಷದೊಳಗೆ ನನ್ನ ಕೆನ್ನೆ ಗುಳಿ ಬಿತ್ತು. ಕೊನೆಗೆ ಅವರೇ ಊರಿಗೆ ಹೊಸದಾಗಿ ಬಂದಿದ್ದ ಒಬ್ಬ ಹುಡುಗುಪ್ರಾಯದ ಡಾಕ್ಟರರ ಹತ್ತಿರ ಕರೆದುಕೊಂಡು ಹೋದರು. ಆ ಡಾಕ್ಟರು ಮಾತ್ರೆ ಬರೆಯಲಿಲ್ಲ. "ಒಂದು ತಿಂಗಳು ತಿಂದದ್ದನ್ನೆಲ್ಲ ಬರೆದು ತನ್ನಿ, ಹೊಟ್ಟೆ ಕೆಟ್ಟ ದಿನವನ್ನೂ ಬರೆಯಿರಿ" ಎಂದರು. ಹಳೆಯ ಕ್ಯಾಲೆಂಡರಿನ ಹಿಂದೆ ಬರೆದೆ. ಅವರು ಕೆಂಪು ಪೆನ್ನಿನಲ್ಲಿ ಚಪಾತಿ, ಶಿರಾ, ಬ್ರೆಡ್ಡಿಗೆಲ್ಲ ಗೆರೆ ಎಳೆದು, ದೊಡ್ಡಾಸ್ಪತ್ರೆಗೂ ಕಳಿಸಿ ಪರೀಕ್ಷೆ ಮಾಡಿಸಿದರು.

"ಗೋಧಿ ನಿಮಗೆ ಆಗುವುದಿಲ್ಲ. ರವೆ, ಮೈದಾ ಏನೂ ಬೇಡ. ಜೀವ ಇರುವವರೆಗೂ ಬೇಡ."

"ಔಷಧ ಎಂತ?"

"ಇದೇ ಔಷಧ. ಗಂಜಿ ಉಣ್ಣಿ, ಮೀನು ತಿನ್ನಿ."

ನನಗೆ ನಗು ಬಂತು. ಬಸ್ ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಭಾರಿ ಸಿಟ್ಟು ಬಂತು. ಮೀನಿನ ಮನೆಯಲ್ಲಿ ಹುಟ್ಟಿ, ಮೀನು ಬಿಟ್ಟು, ವರ್ಷಗಟ್ಟಲೆ ವಿಷ ತಿಂದೆನಲ್ಲ!

ಬಿಡುವುದೇನು ಸುಲಭವೇ? ಸತ್ಯನಾರಾಯಣ ಪೂಜೆಯ ರವೆಯ ಪ್ರಸಾದವನ್ನು ಕಣ್ಣಿಗೆ ಒತ್ತಿಕೊಂಡು ಸೆರಗಿನ ಗಂಟಿಗೆ ಸೇರಿಸಬೇಕು. ಹೋಳಿಗೆ ಬಡಿಸಿದವರಿಗೆ ಏನಾದರೊಂದು ಸುಳ್ಳು ಹೇಳಬೇಕು. ಅಂಗಡಿಯ ಇಂಗಿನಲ್ಲೂ ಗೋಧಿಹಿಟ್ಟು ಇರುತ್ತದೆಂದು ತಿಳಿಯಲು ನನಗೆ ಎರಡು ವರ್ಷ ಬೇಕಾಯಿತು. ಅತ್ತೆ ನೆಂಟರ ಮುಂದೆ, "ನಮ್ಮ ಸೊಸಿದು ಭಾರಿ ನಾಜೂಕು ಹೊಟ್ಟಿ" ಎನ್ನುತ್ತಿದ್ದರು. ಅನ್ನಲಿ ಬಿಡಿ. ಮೈ ತುಂಬಿತು, ಮಗಳು ಹುಟ್ಟಿದಳು.

ಅವ್ವನಿಗೆ ಮಾತ್ರ ಹೇಳಲಿಲ್ಲ. ಹೇಳುವ ಬಾಯಿ ನನಗಿರಲಿಲ್ಲ. "ಡಾಕ್ಟರು ಒಂದು ಪುಡಿ ಕೊಟ್ರು, ಗುಣ ಆತು" ಎಂದೆ. ಅವಳು ಆ ಡಾಕ್ಟರರಿಗೆ ಕೂತಲ್ಲೇ ಕೈಮುಗಿದಳು. ಆದರೂ ನನಗೆ ನೆಗಡಿಯಾಯಿತೆಂದು ಕೇಳಿದರೆ ಸಾಕು, ಬ್ರೆಡ್ಡು ಹಿಡಿದು ಕುಮಟೆಯ ಬಸ್ಸು ಹತ್ತುತ್ತಿದ್ದಳು. ಅವಳು ಹೋದ ಮೇಲೆ ಅದು ಪಕ್ಕದ ಮನೆಯ ಎಮ್ಮೆಗೆ. ಒಂದು ಸಲ ಮಾತ್ರ ಎದುರಿಗೇ ಕೂತು, ಚಾದಲ್ಲಿ ಅದ್ದಿ, "ತಿನ್ನು ಮಗಾ" ಎಂದು ಕೈ ಚಾಚಿದಳು. ತಿಂದೆ. ನಾಲ್ಕು ದಿನ ಮೇಲೇಳಲಿಲ್ಲ. ಹುಚ್ಚುತನವೇ, ಅಲ್ಲ ಎನ್ನುವುದಿಲ್ಲ. ಅವಳಿಗೆ ಗೊತ್ತಾಗುವುದಕ್ಕಿಂತ ಆ ನಾಲ್ಕು ದಿನ ವಾಸಿ ಅನಿಸಿತ್ತು.

ಮಗಳಿಗೆ ಮೂರು ತುಂಬುವ ಹೊತ್ತಿಗೆ ಅವಳ ಹೊಟ್ಟೆಯೂ ಉಬ್ಬತೊಡಗಿತು. ಅವಳ ಬಟ್ಟಲಿಗೂ ಗೋಧಿ ಬರದಂತೆ ಕಾಯತೊಡಗಿದೆ. ಆ ಮಳೆಗಾಲದಲ್ಲಿ ಅವ್ವ ಬಂದಿದ್ದಳು. ನಾನು ಬಾವಿಯಿಂದ ನೀರು ತರುವಷ್ಟರಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಹಾಲಿನಲ್ಲಿ ಅದ್ದಿದ ಬ್ರೆಡ್ಡನ್ನು ತಿನ್ನಿಸುತ್ತಿದ್ದಾಳೆ! ಕೊಡ ಎಲ್ಲಿ ಇಟ್ಟೆನೋ ನೆನಪಿಲ್ಲ. ಮಗುವಿನ ಬಾಯಿಗೆ ಬೆರಳು ಹಾಕಿ ಹೊರಗೆ ತೆಗೆದೆ.

"ನನ್ನ ಹೊಟ್ಟಿ ಹಾಳ್ ಮಾಡಿದ್ದು ಸಾಕಾಗ್ಲಿಲ್ವಾ ನಿಂಗೆ? ನಂಗೆ ರೋಗ ತಂದದ್ದೇ ಈ ಬ್ರೆಡ್ಡು!"

ಅವ್ವ ಕಣ್ಣು ಪಿಳಿಪಿಳಿ ಮಾಡಿದಳು. "ಪುಡಿ ಕೊಟ್ರು ಅಂದೆ?"

"ಪುಡಿನೂ ಇಲ್ಲ, ಮಣ್ಣೂ ಇಲ್ಲ. ಗೋಧಿ ಬಿಟ್ಟೆ, ಗುಣ ಆತು."

ಅವಳು ಅಳಲಿಲ್ಲ. ಬಟ್ಟಲಲ್ಲಿ ಉಳಿದದ್ದನ್ನು ಹಿತ್ತಲಿಗೆ ಚೆಲ್ಲಿ, ಬಟ್ಟಲನ್ನು ಬೂದಿ ಹಾಕಿ ಎರಡು ಸಲ ತಿಕ್ಕಿದಳು. ಹೇಳಲೇಬೇಕಾಗಿತ್ತು, ಮಗುವಿಗಾಗಿಯಾದರೂ. ಆದರೆ ಪಕ್ಕದಲ್ಲಿ ಕೂರಿಸಿಕೊಂಡು, "ನಿಂಗೂ ಗೊತ್ತಿಲ್ಲಾಗಿತ್ತು, ಡಾಕ್ಟರಿಗೂ ಗೊತ್ತಿಲ್ಲಾಗಿತ್ತು" ಎನ್ನಬಹುದಿತ್ತು. ನನ್ನ ಹಾಳು ಸಿಟ್ಟಿಗೆ ಬೆಂಕಿ ಬೀಳಲಿ. ಸಂಜೆ ಹಾಗೆಂದೆ. ಅವಳು "ಆತು, ಆತು" ಎಂದಳು, ಅಷ್ಟೇ.

ಮರುದಿನ ಮಧ್ಯಾಹ್ನ ನಾನು ಮೀನು ಹೆಚ್ಚುತ್ತಿದ್ದೆ. ಮಗಳು ಹಸಿವೆಂದು ಅಜ್ಜಿಯ ಸೆರಗು ಜಗ್ಗಿ ಬಾಯಿ ತೆರೆದು ನಿಂತಳು. ಅವ್ವ ಮಡಕೆಯಿಂದ ಗಂಜಿ ಬಡಿಸಿಕೊಂಡು ಬಟ್ಟಲನ್ನು ನನ್ನ ಮುಂದೆ ಹಿಡಿದಳು.

"ಇದು ಕೊಡೂಕೆ ಅಡ್ಡಿಲ್ವಾ?"

"ಗಂಜಿಗೆ ಎಂತ ಆಗ್ತದೆ ಅವ್ವ? ಕೊಡು."

ಅವಳು ಬಟ್ಟಲು ನೋಡಿದಳು, ಮಗುವಿನ ಬಾಯಿ ನೋಡಿದಳು.

"ನೀನೇ ತಿನ್ನಿಸು ಮಗಾ. ಕೈ ತೊಳಕೊಂಡು ಬಾ, ಅಲ್ಲಿವರೆಗೂ ನಾ ಹಿಡಕೊಂಡಿರ್ತೆ."